ಗಲ್ಲಾಪೆಟ್ಟಿಗೆಯ ಬೀಗದಕೈ

ಹೆಂಗಸೊಬ್ಬಳು ಹೋಟೆಲು ತೆರೆಯುತ್ತಾಳೆ ಎಂದು ಗೊತ್ತಾದರೆ ಸಾಕು, ಊರಿಗೆ ಊರೇ ಬುದ್ಧಿ ಹೇಳಲು ಸಾಲುಗಟ್ಟಿ ನಿಲ್ಲುತ್ತದೆ. ಗೋಡೆಗೆ ಯಾವ ಬಣ್ಣ, ಬಾಗಿಲು ಯಾವ ದಿಕ್ಕಿಗೆ, ಬೋರ್ಡಿನ ಹೆಸರಿನಲ್ಲಿ ಎಷ್ಟು ಅಕ್ಷರ, ಉದ್ಘಾಟನೆಗೆ ಶಾಸಕರೋ ಸ್ವಾಮಿಗಳೋ, ಮೊದಲ ದಿನ ಎಷ್ಟು ಜನಕ್ಕೆ ಪುಕ್ಕಟೆ ಊಟ, ಎಲ್ಲದಕ್ಕೂ ಒಬ್ಬೊಬ್ಬ ಪಂಡಿತರಿರುತ್ತಾರೆ. ಮೊಬೈಲಿನಲ್ಲಿ ಚಿತ್ರ ತೆಗೆದು ಹಾಕಿ ಎನ್ನುವ ಹುಡುಗರೂ ಬರುತ್ತಾರೆ. ಗಲ್ಲಾಪೆಟ್ಟಿಗೆಯ ಬೀಗದಕೈ ಯಾರ ಸೊಂಟದಲ್ಲಿರಬೇಕು ಎಂಬ ಒಂದು ವಿಷಯದಲ್ಲಿ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಅದು ಎಲ್ಲರಿಗೂ ಮೊದಲೇ ತಿಳಿದಿರುವ ಸಂಗತಿ ಎಂಬಂತೆ ನಡೆದುಕೊಳ್ಳುತ್ತಾರೆ. ನನ್ನ ಜಗಳ ಇರುವುದು ಆ ಮೌನದ ಜೊತೆಗೆ.

ಈಗ ನಮ್ಮ ಜಿಲ್ಲಾ ಕೇಂದ್ರಗಳಲ್ಲಿ, ದೊಡ್ಡ ತಾಲ್ಲೂಕು ಊರುಗಳಲ್ಲಿ ಬಾರ್ಬೆಕ್ಯೂ ಹೋಟೆಲುಗಳ ಕಾಲ ಬಂದಿದೆ. ಮಾಂಸದ ಚೂರು, ಮೀನು, ಪನೀರು, ಅನಾನಸ್ ಇವನ್ನೆಲ್ಲ ಕಬ್ಬಿಣದ ಕಡ್ಡಿಗೆ ಪೋಣಿಸಿ ಇದ್ದಿಲಿನ ಕೆಂಡದ ಮೇಲೆ ಸುಟ್ಟು ಕೊಡುವ ಹೋಟೆಲು. 2006ರಲ್ಲಿ ಮುಂಬೈಯಲ್ಲಿ ಮೊದಲ ಬಾಗಿಲು ತೆರೆದ ಬಾರ್ಬೆಕ್ಯೂ ನೇಷನ್ ಎಂಬ ಸಂಸ್ಥೆ ಊಟದ ಮೇಜಿನ ನಡುವೆಯೇ ಕೆಂಡದ ಒಲೆ ಇಟ್ಟು, ಗಿರಾಕಿ ತನ್ನ ಮುಂದಿರುವ ಪುಟ್ಟ ಬಾವುಟವನ್ನು ಕೆಳಗಿಳಿಸುವ ತನಕ ಬಡಿಸುತ್ತಲೇ ಇರುವ ಪದ್ಧತಿಯನ್ನು ನಮ್ಮ ದೇಶದಲ್ಲಿ ಹೆಸರುವಾಸಿ ಮಾಡಿತು. ಬೆಂಗಳೂರಿಗೆ ಹೋಗಿ ಅಲ್ಲಿ ಹುಟ್ಟುಹಬ್ಬ ಮಾಡಿಕೊಂಡು ಬಂದವರು ಊರಿನಲ್ಲೂ ಅಂಥದೊಂದು ಇರಲಿ ಎಂದು ಆಸೆಪಟ್ಟರು. ತಪ್ಪೇನಿಲ್ಲ. ಇದು ಪರದೇಶದ ತಿಂಡಿ ಎಂದು ಮೂಗು ಮುರಿಯುವವರಿಗೆ ಒಂದು ಮಾತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಾಂಸದ ತುಂಡುಗಳನ್ನು ಮಸಾಲೆ ಸಹಿತ ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಡುವ ಕ್ರಮ ಬರುತ್ತದೆ. ನಮ್ಮ ನೆಲದ ದೊರೆಯೇ ಬರೆದಿಟ್ಟಿದ್ದಾನೆ. ಆ ಅರಮನೆಯಲ್ಲಿ ಮಸಾಲೆ ಅರೆದವರ ಹೆಸರನ್ನು ಮಾತ್ರ ಬರೆದಿಲ್ಲ.

ನನ್ನ ಪರಿಚಯದ ಹೆಣ್ಣುಮಗಳೊಬ್ಬಳು ಇಂಥದೇ ಒಂದು ಹೋಟೆಲು ತೆರೆದಳು. ಊರಿನ ಹೆಸರು ಬೇಡ, ನಿಮ್ಮ ಊರೇ ಎಂದುಕೊಳ್ಳಿ. ಹತ್ತು ಮೇಜು, ಹಿಂದೆ ಅಡುಗೆಮನೆ, ಅಂಗಳದಲ್ಲಿ ಕೆಂಡದ ಒಲೆ. ಮಸಾಲೆ ಅವಳದು. ಬ್ಯಾಂಕಿನ ಸಾಲದ ಕಾಗದದ ಮೇಲೆ ಸಹಿ ಅವಳದು. ಸಾಲ ಸಾಲದೆ ಬಂದಾಗ ಒತ್ತೆ ಇಟ್ಟ ಬಳೆ, ಸರ ಅವಳದು. ಆಹಾರ ಸುರಕ್ಷತೆಯ ಲೈಸೆನ್ಸು ಅವಳ ಹೆಸರಿನಲ್ಲಿ. ಗಲ್ಲಾದ ಮೇಲೆ ಮಾತ್ರ ಮೈದುನ ಕುಳಿತ. “ಅತ್ತಿಗೇ, ನೀವು ಒಳಗಿದ್ದರೆ ಸಾಕು, ಹೊರಗಿನ ರಗಳೆಯೆಲ್ಲ ನಿಮಗ್ಯಾಕೆ, ನಾವು ನೋಡಿಕೊಳ್ತೀವಿ” ಎಂದ. ಎಷ್ಟು ವಿನಯದ ಮಾತು! ಎಂಟು ತಿಂಗಳ ಮೇಲೆ ಬ್ಯಾಂಕಿನಿಂದ ಕಂತು ಬಾಕಿಯ ನೋಟೀಸು ಬಂದಾಗ ಅದರ ಮೇಲೆ ಮೈದುನನ ಹೆಸರಿರಲಿಲ್ಲ. ಹೋಟೆಲಿನಲ್ಲಿ ದಿನಕ್ಕೆ ಎಷ್ಟು ವ್ಯಾಪಾರ ಆಗುತ್ತದೆ ಎಂದು ನಾನು ಕೇಳಿದರೆ ಅವಳಿಗೆ ಹೇಳಲು ಬರಲಿಲ್ಲ. ಎಷ್ಟು ಕಿಲೋ ಕೋಳಿ ಖರ್ಚಾಗುತ್ತದೆ ಎಂದರೆ ಗ್ರಾಮಿನ ಮಟ್ಟಿಗೆ ಹೇಳಿದಳು.

ಇದು ಅವಳೊಬ್ಬಳ ಕಥೆಯಾಗಿದ್ದರೆ ನಾನು ಬರೆಯುತ್ತಿರಲಿಲ್ಲ. ಖಾನಾವಳಿ, ಮೆಸ್ಸು, ರೊಟ್ಟಿ ಕೇಂದ್ರ, ಬೇಕರಿ, ಎಲ್ಲಿ ನೋಡಿದರೂ ಇದೇ ಏರ್ಪಾಡು. ಹೆಂಗಸರಿಗೆ ಸಾಲ ಸುಲಭವಾಗಿ ಸಿಗುತ್ತದೆ ಎಂದು ಅವಳ ಹೆಸರು ಬೇಕು. ಕೈರುಚಿ ಇದೆ ಎಂದು ಅವಳ ಕೈ ಬೇಕು. ಹಣ ಎಣಿಸುವಾಗ ಮಾತ್ರ ಅವಳು ‘ಪಾಪ, ಅವಳಿಗೆ ಅದೆಲ್ಲ ತಿಳಿಯುವುದಿಲ್ಲ’. ತಿಂಗಳ ರೇಷನ್ನು, ಮಕ್ಕಳ ಫೀಸು, ಹಾಲಿನವನ ಲೆಕ್ಕ, ಚೀಟಿ ದುಡ್ಡು ಇದನ್ನೆಲ್ಲ ಒಂದು ಪೈಸೆ ತಪ್ಪದಂತೆ ಇಪ್ಪತ್ತು ವರ್ಷ ತೂಗಿಸಿದವಳಿಗೆ ತಿಳಿಯದ ಲೆಕ್ಕ ಯಾವುದಪ್ಪಾ ಅದು?

ಹೊಸದಾಗಿ ಕೆಂಡದ ಹೋಟೆಲು ತೆರೆದಿರುವ, ತೆರೆಯಬೇಕೆಂದಿರುವ ಹೆಣ್ಣುಮಕ್ಕಳಿಗೆ ನನಗೆ ತಿಳಿದ ನಾಲ್ಕು ಮಾತು ಹೇಳುತ್ತೇನೆ. ಬುದ್ಧಿ ಹೇಳುವವರ ಸಾಲಿಗೆ ನೀನೂ ಸೇರಿದೆಯಾ ಎಂದರೆ, ಹೌದು, ಸೇರಿದೆ. ಆದರೆ ಗೋಡೆಯ ಬಣ್ಣದ ಬಗ್ಗೆ ನಾನು ಏನನ್ನೂ ಹೇಳುವುದಿಲ್ಲ.

ಮೊದಲು ಈ ‘ಕೈರುಚಿ’ ಎಂಬ ಹೊಗಳಿಕೆಗೆ ಮರುಳಾಗಬೇಡಿ. ಮನೆಯಲ್ಲಿ ಅಳತೆಯಿಲ್ಲದೆ ಅಂದಾಜಿನಲ್ಲಿ ಹಾಕಿ ರುಚಿ ಬರಿಸುವುದು ಜಾಣತನ. ಹೋಟೆಲಿನಲ್ಲಿ ಅದೇ ನಷ್ಟದ ದಾರಿ. ತಕ್ಕಡಿ ಇಟ್ಟುಕೊಳ್ಳಿ. ಎರಡು ಕಿಲೋ ತೂಗುವ ಜೀವಂತ ಕೋಳಿ ಕೊಂಡರೆ ಪುಕ್ಕ, ಚರ್ಮ, ಕರುಳು ಹೋಗಿ ಕೈಗೆ ಸಿಗುವುದು ಒಂದೂಕಾಲು ಕಿಲೋ ಚಿಲ್ಲರೆ. ಎಲುಬು ಬಿಡಿಸಿದರೆ ಇನ್ನೂ ಇಳಿಯುತ್ತದೆ. ಆ ಎಲುಬಿಲ್ಲದ ಮಾಂಸ ಒಂದು ಕಿಲೋ ಕೆಂಡದ ಮೇಲೆ ಬೇಯುವಾಗ ನೀರು, ಕೊಬ್ಬು ಇಳಿದು ಮುಕ್ಕಾಲು ಕಿಲೋ ಆಸುಪಾಸಿಗೆ ನಿಲ್ಲುತ್ತದೆ. ಲೆಕ್ಕಕ್ಕೆಂದು ಎಲುಬಿಲ್ಲದ ಮಾಂಸ ಕಿಲೋಗೆ 300 ರೂಪಾಯಿ ಎಂದು ಹಿಡಿಯೋಣ. ಬೆಂದ ಮೇಲೆ 750 ಗ್ರಾಂ ಆದರೆ, 150 ಗ್ರಾಮಿನ ಐದು ತಟ್ಟೆ. ತಟ್ಟೆಗೆ ಬರೀ ಮಾಂಸವೇ 60 ರೂಪಾಯಿ. ಮೊಸರು, ಶುಂಠಿ ಬೆಳ್ಳುಳ್ಳಿ, ಮೆಣಸಿನಪುಡಿ, ಎಣ್ಣೆ, ಈರುಳ್ಳಿ, ನಿಂಬೆಹಣ್ಣು, ಚಟ್ನಿ, ಇದ್ದಿಲು ಇವಕ್ಕೆ 20 ಸೇರಿಸಿ, 80. ಹೋಟೆಲು ನಡೆಸುವವರು ಸಾಮಾನ್ಯವಾಗಿ ಹೇಳುವ ಲೆಕ್ಕ, ಸಾಮಗ್ರಿಯ ಖರ್ಚು ಮಾರುವ ಬೆಲೆಯ ಮೂರನೇ ಒಂದು ಭಾಗ ಮೀರಬಾರದು ಎಂದು. ಉಳಿದ ಎರಡು ಪಾಲಿನಲ್ಲಿ ಬಾಡಿಗೆ, ಸಂಬಳ, ಕರೆಂಟು, ಸಾಲದ ಕಂತು ಎಲ್ಲ ಬರಬೇಕಲ್ಲ. ಅಂದರೆ ಆ ತಟ್ಟೆಯ ಬೆಲೆ 240 ಆಗಬೇಕು. ನಮ್ಮ ಹೆಣ್ಣುಮಗಳು 140ಕ್ಕೆ ಕೊಡುತ್ತಿದ್ದಳು. ಹಾಲು ತುಂಬಿದೆ, ಜನ ಹೊಗಳುತ್ತಿದ್ದಾರೆ, ರಾತ್ರಿ ಹನ್ನೊಂದಕ್ಕೂ ಕೆಂಡ ಆರುವುದಿಲ್ಲ, ಆದರೂ ಹಣ ಯಾಕೆ ನಿಲ್ಲುವುದಿಲ್ಲ ಎಂದು ಅಳುತ್ತಿದ್ದಳು. ನಿಲ್ಲುವುದು ಹೇಗೆ? ಅವಳ ದುಡಿಮೆಯನ್ನು ತಟ್ಟೆಯ ಜೊತೆ ಪುಕ್ಕಟೆ ಬಡಿಸುತ್ತಿದ್ದಳು.

ಈ ಲೆಕ್ಕದಲ್ಲಿ ಬರೆಯದೆ ಬಿಡುವ ಇನ್ನೊಂದು ಬಾಬ್ತು ನಿಮ್ಮ ಸಂಬಳ. ಅಡುಗೆಯವನನ್ನು ಇಟ್ಟರೆ ತಿಂಗಳಾಗುತ್ತಲೇ ಎಣಿಸಿ ಕೊಡುತ್ತೀರಿ. ಅದೇ ಒಲೆಯ ಮುಂದೆ ನೀವು ನಿಂತರೆ ಸಂಬಳ ಇಲ್ಲ, ಯಾಕೆಂದರೆ ‘ನಮ್ಮದೇ ಹೋಟೆಲು’. ನಮ್ಮದೇ ಆದ ಮಾತ್ರಕ್ಕೆ ಬೆನ್ನು ನೋಯುವುದಿಲ್ಲವೇ? ಖರ್ಚಿನ ಪುಸ್ತಕದಲ್ಲಿ ಪೇಟೆಯ ದರದ ಸಂಬಳ ನಿಮ್ಮ ಹೆಸರಿನಲ್ಲಿ ಬರೆಯಿರಿ, ನಿಮ್ಮ ಖಾತೆಗೆ ಹಾಕಿಕೊಳ್ಳಿ. ಅದನ್ನು ಕೊಟ್ಟ ಮೇಲೂ ಹೋಟೆಲು ನಿಂತರೆ ಅದು ವ್ಯಾಪಾರ. ಕೊಡದಿದ್ದರೆ ಮಾತ್ರ ನಿಲ್ಲುತ್ತದೆ ಎನ್ನುವುದಾದರೆ ನೀವು ಮನೆಯ ಅಡುಗೆಮನೆಯನ್ನೇ ರಸ್ತೆಗೆ ತಂದಿದ್ದೀರಿ, ಅಷ್ಟೆ.

ಎರಡನೆಯದು, ‘ಎಷ್ಟಾದರೂ ತಿನ್ನಿ’ ಪದ್ಧತಿ. ದೊಡ್ಡ ಸಂಸ್ಥೆಗಳಿಗೆ ಇದು ಹೊಂದುತ್ತದೆ. ಹತ್ತಾರು ಊರಿಗೆ ಒಟ್ಟಿಗೆ ಮಾಂಸ ಕೊಳ್ಳುತ್ತಾರೆ, ವಾರದ ದಿನಕ್ಕೊಂದು ದರ, ಶನಿವಾರ ಭಾನುವಾರಕ್ಕೊಂದು ದರ ಇಡುತ್ತಾರೆ, ಆಲೂಗಡ್ಡೆ, ಜೋಳ ಮುಂಚೆ ಬಡಿಸಿ ಹೊಟ್ಟೆ ಅರ್ಧ ತುಂಬಿಸಿ ಆಮೇಲೆ ಸೀಗಡಿ ತರುತ್ತಾರೆ. ಹತ್ತು ಮೇಜಿನವರು ಅವರನ್ನು ನೋಡಿ ಬಾವುಟ ನೆಟ್ಟರೆ, ಕಾಲೇಜು ಹುಡುಗರ ಒಂದು ಗುಂಪು ಮಧ್ಯಾಹ್ನ ಉಪವಾಸವಿದ್ದು ಸಂಜೆ ಬಂದರೆ ಸಾಕು, ಆ ದಿನದ ಸಂಪಾದನೆ ಮುಗಿಯಿತು. ಎಂಟೇ ಬಗೆ ಮಾಡಿ. ಚೆನ್ನಾಗಿ ಮಾಡಿ. ತಟ್ಟೆಗಿಷ್ಟು ಎಂದು ಕೊಡಿ. ನಮ್ಮ ಹಳೆಯ ಮಿಲಿಟರಿ ಹೋಟೆಲುಗಳಲ್ಲಿ, ಸಾವಜಿ ಖಾನಾವಳಿಗಳಲ್ಲಿ ಮೂವತ್ತು ಪುಟದ ಮೆನು ಎಲ್ಲಿತ್ತು? ‘ಮುಗಿಯಿತು’ ಎಂದು ಹೇಳಲು ಹೆಂಗಸರು ಸಂಕೋಚಪಡುತ್ತೇವೆ, ಮನೆಗೆ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸಿದ ಹಾಗೆ. ಒಂಬತ್ತೂವರೆಗೆ ಮೀನು ಮುಗಿದ ಹೋಟೆಲು ನಾಳೆ ತಾಜಾ ಮೀನು ತರುತ್ತದೆ ಎಂದು ತಿನ್ನುವವರಿಗೆ ಗೊತ್ತು.

ಶ್ರಾವಣದ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಊರುಗಳಲ್ಲಿ ಸೋಮವಾರ, ಶನಿವಾರ ಮಾಂಸ ಮುಟ್ಟದ ಮನೆಗಳಿವೆ, ಶ್ರಾವಣ ಪೂರ್ತಿ ಬಿಡುವವರಿದ್ದಾರೆ. ಇದು ಹುಟ್ಟಿದಾರಭ್ಯ ಗೊತ್ತಿರುವ ವಿಷಯ, ಆದರೂ ಆ ತಿಂಗಳು ವ್ಯಾಪಾರ ಬಿದ್ದಾಗ ದೃಷ್ಟಿಯಾಯಿತು ಎಂದು ನಿಂಬೆಹಣ್ಣು ಕಟ್ಟುತ್ತಾರೆ. ಸುಟ್ಟ ಬದನೆಕಾಯಿ, ಜೋಳದ ತೆನೆ, ಗೆಣಸು, ಪನೀರು ಇವಕ್ಕೆ ಬೇರೆ ಜಾಲರಿ, ಬೇರೆ ಇಕ್ಕಳ ಇಟ್ಟು ಆ ತಿಂಗಳು ನಡೆಸಿ. ಒಲೆ ರಿಪೇರಿ, ಸುಣ್ಣಬಣ್ಣ ಆಗಲೇ ಮಾಡಿಸಿ.

ಇನ್ನು ಬಣ್ಣ. ಇದರ ಬಗ್ಗೆ ನನಗೆ ಸಿಟ್ಟಿದೆ. ಕಬಾಬು ಕೆಂಪಗೆ ಹೊಳೆಯದಿದ್ದರೆ ಗಿರಾಕಿ ಬರುವುದಿಲ್ಲ ಎಂದು ಪುಡಿಯ ಪೊಟ್ಟಣ ತಂದುಕೊಡುವ ಮಹಾನುಭಾವರು ಪ್ರತಿ ಊರಿನಲ್ಲೂ ಇದ್ದಾರೆ. 2024ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರ ಕಬಾಬಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ಕೋಳಿ, ಮೀನು, ತರಕಾರಿ ಎಲ್ಲ ಬಗೆಯ ಕಬಾಬಿಗೂ. ಅದಕ್ಕೆ ಮುಂಚೆ ಪರೀಕ್ಷೆಗೆ ಒಯ್ದ 39 ಮಾದರಿಗಳಲ್ಲಿ 8 ಅಸುರಕ್ಷಿತ ಎಂದು ಬಂದಿತ್ತು, ಸನ್‌ಸೆಟ್ ಯೆಲ್ಲೋ, ಕಾರ್ಮೋಯಿಸಿನ್ ಎಂಬ ಬಣ್ಣಗಳಿಂದಾಗಿ. ಅದೇ ವರ್ಷ ಮಾರ್ಚಿನಲ್ಲಿ ಗೋಬಿ ಮಂಚೂರಿಯ, ಬೊಂಬಾಯಿ ಮಿಠಾಯಿಯ ಬಣ್ಣದ ಮೇಲೂ ಇಂಥದೇ ಆಜ್ಞೆ ಬಂದಿತ್ತು. ಸಿಕ್ಕಿಬಿದ್ದರೆ ಏಳು ವರ್ಷಕ್ಕೆ ಕಡಿಮೆಯಿಲ್ಲದ ಸೆರೆಮನೆ ವಾಸ, ಹತ್ತು ಲಕ್ಷದ ತನಕ ದಂಡ ಎಂದು ಎಚ್ಚರಿಸಿದ್ದಾರೆ. ಈಗ ಹೇಳಿ, ಜೈಲಿಗೆ ಹೋಗುವವರು ಯಾರು? ಪೊಟ್ಟಣ ತಂದುಕೊಟ್ಟವನಲ್ಲ, ಗಲ್ಲಾದ ಮೇಲೆ ಕುಳಿತವನೂ ಅಲ್ಲ. ಇಲಾಖೆಯವರು ಮೊದಲು ಹುಡುಕುವುದು ಲೈಸೆನ್ಸಿನ ಮೇಲಿರುವ ಹೆಸರನ್ನು. ಬಣ್ಣ ಬೇಕೆಂದರೆ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಇಲ್ಲವೇ? ಖಾರ ಕಡಿಮೆ, ಕೆಂಪು ಜಾಸ್ತಿ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅದರಿಂದ ತೆಗೆದ ಬಣ್ಣದ ಸಾರ ಪರದೇಶಕ್ಕೆಲ್ಲ ಹೋಗುತ್ತದೆ. ಬೀಜ ತೆಗೆದು ಬಿಸಿನೀರಿನಲ್ಲಿ ನೆನೆಹಾಕಿ ನುಣ್ಣಗೆ ಅರೆದು ಮೊಸರಿಗೆ ಬೆರೆಸಿ ನೋಡಿ. ಪೊಟ್ಟಣದ ಕೆಂಪು ಕಣ್ಣಿಗೆ ಹೊಡೆಯುತ್ತದೆ, ಇದು ಹಾಗಲ್ಲ.

ಮಸಾಲೆ ಹಚ್ಚಿದ ಮಾಂಸ ಫ್ರಿಜ್ಜಿನಲ್ಲೇ ನೆನೆಯಬೇಕು, 5 ಡಿಗ್ರಿಗಿಂತ ಕೆಳಗೆ. ಒಲೆಯ ಪಕ್ಕದ ಬಕೀಟಿನಲ್ಲಿ ಅಲ್ಲ. ಕೆಂಡದ ಮೇಲೆ ಹೊರಗೆ ಕಪ್ಪಾದ ಕೋಳಿ ಒಳಗೆ ಹಸಿಯಾಗಿರುವುದು ತೀರಾ ಸಾಮಾನ್ಯ. ದಪ್ಪ ತುಂಡಿನ ನಡುಭಾಗ 75 ಡಿಗ್ರಿ ಮುಟ್ಟಬೇಕು, ಅದನ್ನು ನೋಡುವ ಉಷ್ಣಮಾಪಕ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಹಸಿ ಮಾಂಸಕ್ಕೆ ಎಣ್ಣೆ ಸವರಿದ ಕುಂಚವನ್ನೇ ಬೆಂದದ್ದಕ್ಕೂ ಸವರುವ ಹುಡುಗನಿಗೆ ಮೊದಲ ದಿನವೇ ಗದರಿಸಿ. ಮನೆಬಳಕೆಯ 14.2 ಕಿಲೋ ಸಿಲಿಂಡರು ಹೋಟೆಲಿನಲ್ಲಿ ಉರಿಸುವುದು ಕಾನೂನಿಗೆ ವಿರುದ್ಧ, ವಾಣಿಜ್ಯದ 19 ಕಿಲೋದ್ದೇ ಬೇಕು. ಇದನ್ನೂ ‘ಯಾರು ನೋಡುತ್ತಾರೆ ಬಿಡಿ’ ಎನ್ನುವವರಿದ್ದಾರೆ.

ಆದರೆ ಕಟ್ಟಡ ಕಟ್ಟಿಸುವಾಗಿನ ಒಂದು ಅನ್ಯಾಯ ನೋಡಿ. ಗಿರಾಕಿ ಕೂರುವ ಹಾಲಿಗೆ ಏಸಿ, ಬಣ್ಣದ ದೀಪ, ಗೋಡೆಗೆ ಹುಲ್ಲಿನ ಅಲಂಕಾರ. ಅಡುಗೆಮನೆಗೆ ಒಂದು ಹಳೆಯ ಫ್ಯಾನು. ಇದ್ದಿಲಿನ ಕೆಂಡ ಹೊಗೆಯಾಡದಿದ್ದರೂ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಚಳಿಗೆಂದು ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟು ಮಲಗಿ ಬೆಳಗ್ಗೆ ಏಳದವರ ಸುದ್ದಿಯನ್ನು ಪತ್ರಿಕೆಯಲ್ಲಿ ಓದುತ್ತಲೇ ಇರುತ್ತೇವೆ. ಮಳೆಗಾಲದಲ್ಲಿ ಕೆಂಡದ ಒಲೆಯನ್ನು ಒಳಗೆ ಎಳೆದು ಬಾಗಿಲು ಮುಚ್ಚಿಕೊಂಡು ದುಡಿಯುವವರಿಗೆ ತಲೆನೋವು, ಓಕರಿಕೆ ಬಂದರೆ ‘ದಣಿವು’ ಎಂದು ಕಾಫಿ ಕುಡಿಸುತ್ತಾರೆ. ಹೊಗೆಯಿಂದ ಹೆಂಗಸರನ್ನು ಬಿಡಿಸಬೇಕೆಂದು 2016ರಲ್ಲಿ ಉಜ್ವಲ ಯೋಜನೆ ತಂದು ಮನೆಮನೆಗೆ ಗ್ಯಾಸು ಕೊಟ್ಟ ದೇಶದಲ್ಲಿ, ಅದೇ ಹೆಂಗಸು ತನ್ನ ಬಳೆ ಒತ್ತೆಯಿಟ್ಟು ಮತ್ತೆ ಹೊಗೆಯೊಳಗೆ ಹೋಗಿ ನಿಲ್ಲುತ್ತಾಳೆ. ಹಾಲಿನ ಏಸಿಗೆ ಮುಂಚೆ ಅಡುಗೆಮನೆಗೆ ಹೊಗೆಗೊಳವೆ, ಗಾಳಿ ಹೊರದೂಡುವ ಯಂತ್ರ ಹಾಕಿಸಿ. ಗಿರಾಕಿ ಒಂದು ಗಂಟೆ ಕೂತು ಹೋಗುತ್ತಾನೆ, ನೀವು ದಿನಕ್ಕೆ ಹತ್ತು ಗಂಟೆ ನಿಲ್ಲುವವರು.

ಉದ್ರಿಯ ವಿಷಯ ಬೇಗ ಮುಗಿಸುತ್ತೇನೆ, ನೆನೆದರೇ ಬೇಸರ. ಭಾವನವರ ಸ್ನೇಹಿತರು, ಪುರಸಭೆಯವರು, ಚಿಕ್ಕಮಾವನ ಬೀಗರು, ‘ಮನೆಯವರ ಹತ್ತಿರ ದುಡ್ಡು ಇಸಕೊಳ್ತೀಯಾ’ ಎನ್ನುವವರು. ಬರೆದು ಇಡಿ. ಪ್ರತಿ ತಟ್ಟೆಯನ್ನೂ ಯಾರಿಗೆ ಎಂದು ಹೆಸರು ಸಹಿತ ಬರೆಯಿರಿ, ಮನೆಯವರಿಗೆ ಕೊಟ್ಟದ್ದೂ ಸೇರಿ. ತಿಂಗಳ ಕೊನೆಗೆ ಒಟ್ಟು ಮಾಡಿ ಊಟದ ಹೊತ್ತಿಗೆ ಗಟ್ಟಿಯಾಗಿ ಓದಿ. ಮುಂದಿನ ತಿಂಗಳು ಅರ್ಧ ಇಳಿಯುತ್ತದೆ.

ಈಗ ಮತ್ತೆ ಗಲ್ಲಾಕ್ಕೆ. ಬೀಗದಕೈ ಎಂದೆನಲ್ಲ, ಈಗ ಅದು ಕಬ್ಬಿಣದ್ದಲ್ಲ. ಮೇಜಿನ ಮೇಲೆ ಅಂಟಿಸಿರುವ ಕ್ಯೂಆರ್ ಕೋಡಿನ ಚೌಕ ಇದೆಯಲ್ಲ, ಅದೇ ಇಂದಿನ ಗಲ್ಲಾ. ಅದು ಯಾರ ಬ್ಯಾಂಕ್ ಖಾತೆಗೆ ಹೋಗುತ್ತದೆ ಎಂದು ನೋಡಿದ್ದೀರಾ? ದುಡ್ಡು ಬಂತೆಂದು ಕೂಗುವ ಪುಟ್ಟ ಪೆಟ್ಟಿಗೆ ಅಡುಗೆಮನೆಯ ತನಕ ಕೇಳಿಸುತ್ತದೆ, ದುಡ್ಡು ಮಾತ್ರ ಇನ್ಯಾರದೋ ಮೊಬೈಲಿಗೆ ಹೋಗುತ್ತದೆ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳಿಸಿದ್ದು ನೆನಪಿರಬಹುದು. ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಯವರೆಲ್ಲ ಕಂಗಾಲಾದರು, ಹಲವು ಅಂಗಡಿಗಳಲ್ಲಿ ಕ್ಯೂಆರ್ ಕೋಡು ಕಿತ್ತು ‘ನಗದು ಮಾತ್ರ’ ಎಂಬ ಚೀಟಿ ಅಂಟಿಸಿದರು. ಅದರಿಂದ ನಾವು ತಿಳಿಯಬೇಕಾದ್ದು ಬೇರೆ. ಖಾತೆ ಯಾರದೋ ಆದಾಯ ಅವರದು ಎಂದು ಸರ್ಕಾರ ಹಿಡಿಯುತ್ತದೆ. ಹೋಟೆಲಿನ ಹಣ ಮೈದುನನ ಖಾತೆಗೆ ಹೋದರೆ ಕಾಗದದ ಮೇಲೆ ವ್ಯಾಪಾರ ಅವನದು, ಸಾಲ ನಿಮ್ಮದು. ನಾಳೆ ಹೋಟೆಲು ದೊಡ್ಡದು ಮಾಡಲು ನೀವು ಮತ್ತೆ ಬ್ಯಾಂಕಿಗೆ ಹೋದರೆ ಮ್ಯಾನೇಜರು ಕೇಳುವುದು ನಿಮ್ಮ ಖಾತೆಯ ಲೆಕ್ಕವನ್ನು, ಮೈದುನನದ್ದನ್ನಲ್ಲ. ಹೋಟೆಲಿಗೆಂದೇ ನಿಮ್ಮ ಹೆಸರಿನಲ್ಲಿ ಒಂದು ಚಾಲ್ತಿ ಖಾತೆ ತೆರೆಯಿರಿ, ಎಲ್ಲ ಹಣವೂ ಅಲ್ಲಿಗೇ ಬರಲಿ. ಸಂಬಂಧಿಸಿದ ಮೊಬೈಲು ನಿಮ್ಮ ಕೈಯಲ್ಲಿರಲಿ. ವರ್ಷದ ವ್ಯಾಪಾರ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು ಎಂಬುದನ್ನು ಲೆಕ್ಕಿಗರ ಬಾಯಿಂದ ನೀವೇ ಕೇಳಿ ತಿಳಿಯಿರಿ, ಬೇರೆಯವರನ್ನು ಕಳಿಸಬೇಡಿ.

ಒಡವೆಯ ವಿಷಯ. ಸಣ್ಣ ಉದ್ಯಮಕ್ಕೆಂದು 2015ರಲ್ಲಿ ಶುರುವಾದ ಮುದ್ರಾ ಸಾಲಕ್ಕೆ ಅಡಮಾನ ಬೇಡ. ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆ ಇದೆ. ಅವುಗಳ ಬಾಗಿಲು ತಟ್ಟುವ ಮೊದಲೇ ಹೆಂಡತಿಯ ಕೊರಳಿಗೆ ಕೈಹಾಕುವುದು ಯಾಕೆ? ಅದು ಹತ್ತಿರ ಇದೆ, ಕೇಳಿದ ಕೂಡಲೇ ಸಿಗುತ್ತದೆ, ಬಡ್ಡಿ ಕೇಳುವುದಿಲ್ಲ, ನೋಟೀಸು ಕಳಿಸುವುದಿಲ್ಲ, ಅದಕ್ಕೆ. ಸ್ತ್ರೀಧನ ಹೆಂಡತಿಯ ಸ್ವಂತ ಆಸ್ತಿ, ಗಂಡನಿಗೆ ಅದರ ಮೇಲೆ ಹಕ್ಕಿಲ್ಲ, ಕಷ್ಟಕ್ಕೆ ಬಳಸಿಕೊಂಡರೂ ಹಿಂದಿರುಗಿಸುವುದು ಅವನ ಹೊಣೆ ಎಂದು ಸುಪ್ರೀಂ ಕೋರ್ಟು 2024ರ ಏಪ್ರಿಲ್‌ನಲ್ಲಿ ಮತ್ತೊಮ್ಮೆ ಹೇಳಿತು. ಕೊಡಲೇಬೇಕಾಗಿ ಬಂದರೆ ಎಷ್ಟು ಗ್ರಾಂ, ಯಾವ ದಿನ, ಎಲ್ಲಿ ಒತ್ತೆ, ಯಾವಾಗ ಬಿಡಿಸುವುದು ಎಂದು ಬರೆದು ಸಹಿ ಹಾಕಿಸಿಕೊಂಡು ಕೊಡಿ.

‘ಮನೆಯವರನ್ನೇ ನಂಬದಿದ್ದರೆ ಸಂಸಾರ ನಡೆಯುವುದು ಹೇಗಮ್ಮಾ’ ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದರು. ಅವರ ಇಬ್ಬರು ಗಂಡುಮಕ್ಕಳು ಜೊತೆಗೆ ಹಾರ್ಡ್‌ವೇರ್ ಅಂಗಡಿ ಇಟ್ಟಾಗ ಛಾಪಾ ಕಾಗದದ ಮೇಲೆ ಪಾಲುದಾರಿಕೆ ಪತ್ರ ಬರೆಸಿದ್ದು ಅವರೇ. ಅಣ್ಣತಮ್ಮಂದಿರ ನಡುವೆ ಕಾಗದ ಇದ್ದರೆ ಅದು ವ್ಯವಹಾರ, ಸೊಸೆ ಕಾಗದ ಕೇಳಿದರೆ ಅದು ಅಪನಂಬಿಕೆ! ಮೈದುನ ಗಲ್ಲಾದ ಮೇಲೆ ಕೂರಲಿ, ನನಗೇನೂ ಹಗೆಯಿಲ್ಲ. ಅವನಿಗೂ ಗೊತ್ತುಪಡಿಸಿದ ಸಂಬಳ ಕೊಡಿ, ದಿನದ ಲೆಕ್ಕ ಒಪ್ಪಿಸಲಿ. ಒಪ್ಪಿಸುವುದು ಅವಮಾನ ಎನ್ನುವುದಾದರೆ ಆ ಕುರ್ಚಿಗೆ ಓದಿದ ಹುಡುಗಿಯೊಬ್ಬಳನ್ನು ನೇಮಿಸಿಕೊಳ್ಳಿ, ಎಷ್ಟೋ ಮನೆಗಳಲ್ಲಿ ಬಿ.ಕಾಂ. ಮುಗಿಸಿ ಕೂತಿದ್ದಾರೆ.

ನನ್ನ ಪರಿಚಯದವಳು ಕೊನೆಗೆ ಹೋಟೆಲು ಮುಚ್ಚಲಿಲ್ಲ. ನಾಲ್ಕು ಮೇಜು ಕಡಿಮೆ ಮಾಡಿದಳು, 140ರ ತಟ್ಟೆಯನ್ನು 220 ಮಾಡಿದಳು, ಹಳೇ ಗಿರಾಕಿಗಳಲ್ಲಿ ಕೆಲವರು ಬಿಟ್ಟರು. ಬಳೆಗಳು ಇನ್ನೂ ಒತ್ತೆಯಲ್ಲೇ ಇವೆ. ಕ್ಯೂಆರ್ ಕೋಡು ಬದಲಾಯಿಸಿದ ದಿನ ಮನೆಯಲ್ಲಿ ದೊಡ್ಡ ರಂಪವಾಯಿತಂತೆ, ಮೂರು ದಿನ ಯಾರೂ ಮಾತಾಡಲಿಲ್ಲವಂತೆ. ನಾಲ್ಕನೆಯ ದಿನ ಹಸಿವಾಯಿತು, ಮಾತಾಡಿದರು.

ಆದ್ದರಿಂದ ಅಕ್ಕತಂಗಿಯರೇ, ರಾತ್ರಿ ಬಾಗಿಲು ಹಾಕಿದ ಮೇಲೆ ಅಡುಗೆಮನೆಗೆ ತಿರುಗಬೇಡಿ. ಕೈ ತೊಳೆದು ಗಲ್ಲಾದ ಮುಂದೆ ಬಂದು ಕುಳಿತುಕೊಳ್ಳಿ. ಬಿಲ್ಲಿನ ಪುಸ್ತಕ, ನಗದು, ಮೊಬೈಲಿನ ಲೆಕ್ಕ ಮೂರನ್ನೂ ತಾಳೆ ನೋಡಿ, ಬೆಳಗ್ಗೆ ತೂಗಿದ ಮಾಂಸ ಎಷ್ಟು, ಮಾರಿದ ತಟ್ಟೆ ಎಷ್ಟು, ಉಳಿದದ್ದೆಷ್ಟು ಎಂದು ಬರೆಯಿರಿ. ಇಪ್ಪತ್ತು ನಿಮಿಷದ ಕೆಲಸ. ಅಷ್ಟರಲ್ಲಿ ಆ ಜಾಲರಿ, ಕಡ್ಡಿಗಳನ್ನೆಲ್ಲ ಉಜ್ಜುವವರು ಯಾರು ಎಂದು ಯಾರಾದರೂ ಬಾಗಿಲಲ್ಲಿ ನಿಂತು ಕೇಳಿದರೆ, ಕೇಳಿದವರ ಕೈಗೇ ಬ್ರಷ್ಷು ಕೊಡಿ.